ಪೆನ್ಸಿಲ್ ಗೆರೆಯವರೆಗೆ

ಹಡಗಿನ ಮೇಲಿಂದ,
ಏಳನೆಯ ದಿನ, ತಿಂಡಿ ಮುಗಿಸಿ

ನನ್ನ ಪುಟ್ಟಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ನಿನ್ನ ಮಡಿಲಲ್ಲಿರುವ ಪುಟಾಣಿಗೆ ಒಂದು ಮುತ್ತು ಹೆಚ್ಚಿಗೆ. ನಾನು ಚೆನ್ನಾಗಿದ್ದೇನೆ. ವಾಂತಿ ಆಗಿದ್ದು ಒಂದೇ ಸಲ, ಅದೂ ಎರಡನೆಯ ದಿನ. ಊಟಕ್ಕೇನೂ ಕಡಿಮೆಯಿಲ್ಲ. ಇಲ್ಲಿನವರು ತಿನ್ನುವುದನ್ನು ನೋಡಿದರೆ ಹಡಗು ಇನ್ನೂ ತೇಲುತ್ತಿರುವುದೇ ಆಶ್ಚರ್ಯ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಟಿಕೆಟ್ ಆಫೀಸಿನಲ್ಲಿ ಗಿರಾಕಿಗಳ ಮಾತು ಕತ್ತರಿಸಿ ಕತ್ತರಿಸಿ ನಿನಗೆ ಅದೇ ರೂಢಿಯಾಗಿದೆ. ಕಾಗದವಾದರೆ ನಡುವೆ ಬಾಯಿ ಹಾಕಲಾಗದು. ನಾಳೆ ಹಡಗು ಒಂದು ಬಂದರಿನಲ್ಲಿ ಅರ್ಧ ದಿನ ನಿಲ್ಲುತ್ತದೆ, ಅಲ್ಲೇ ಅಂಚೆಗೆ ಹಾಕುತ್ತೇನೆ. ನಾನು ಮನೆ ಸೇರುವ ಮೊದಲು ಇದು ನಿನ್ನ ಕೈ ಸೇರಬೇಕು. ಓದುವ ಮುಂಚೆ ಮಗುವನ್ನು ತೊಡೆಯಿಂದ ಇಳಿಸು.

ಮೊದಲು ಹಡಗು ಹತ್ತಿದ ಕಥೆ ಹೇಳುತ್ತೇನೆ. ಹೊರಗಿನಿಂದ ಮದ್ಯ ತರುವ ಹಾಗಿಲ್ಲ ಎಂದು ನೀನೇ ಟಿಕೆಟ್ ಕೊಟ್ಟಾಗ ಅಪ್ಪನಿಗೆ ಓದಿ ಹೇಳಿದ್ದೆಯಲ್ಲ, ಆ ನಿಯಮವನ್ನು ಇಲ್ಲಿ ಬಹಳ ಕಟ್ಟುನಿಟ್ಟಾಗಿ ನಡೆಸುತ್ತಾರೆ. ಸಾಮಾನನ್ನೆಲ್ಲ ಯಂತ್ರದೊಳಗೆ ಹಾಯಿಸುತ್ತಾರೆ. ಬಾಟಲಿ ಕಂಡರೆ ಎತ್ತಿಟ್ಟುಕೊಂಡು, ಕುತ್ತಿಗೆಗೆ ಕೋಣೆಯ ನಂಬರಿನ ಚೀಟಿ ಕಟ್ಟಿ, ಇಳಿಯುವ ದಿನ ವಾಪಸ್ಸು ಕೊಡುತ್ತಾರಂತೆ. ನನ್ನ ಮುಂದಿದ್ದ ಗಂಡಹೆಂಡತಿಯ ಪೆಟ್ಟಿಗೆಯಲ್ಲಿ ಶಾಂಪೂ ಬಾಟಲಿಯೊಳಗೆ ವಿಸ್ಕಿ ಸಿಕ್ಕಿತು. ಆ ಹೆಂಡತಿ ತನಗೇನೂ ಗೊತ್ತೇ ಇಲ್ಲ ಎನ್ನುವ ಮುಖ ಮಾಡಿ ಕಾಲ ಬೆರಳುಗಳನ್ನೇ ನೋಡುತ್ತ ನಿಂತಳು. ನನಗೆ ನಗು ಬಂತು. ನನ್ನ ಚೀಲದಲ್ಲಿ ಬಾಯಿ ಮುಕ್ಕಳಿಸುವ ಔಷಧದ ದೊಡ್ಡ ಬಾಟಲಿ ಇತ್ತು. ಕಾವಲಿನ ಹೆಂಗಸು ಅದನ್ನೆತ್ತಿ ನೋಡಿ, ನನ್ನ ನರೆತ ತಲೆ ನೋಡಿ, ಹಲ್ಲುನೋವೇ ಎಂದು ಕೇಳಿದಳು. ಹೌದು ಎಂದೆ. ಬಿಟ್ಟುಬಿಟ್ಟಳು.

ಅದರಲ್ಲಿದ್ದದ್ದು ರಮ್ಮು. ನೀನು ಟಿಕೆಟ್ ಕೊಟ್ಟ ಮರುದಿನವೇ ಅಪ್ಪ ಆ ಬಾಟಲಿಯನ್ನು ಮೂರು ಸಲ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿ ಒಣಗಿಸಿ, ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು. ಹಡಗಿನವರ ಕಣ್ಣಿಗೆ ಮಣ್ಣೆರಚುತ್ತೇನೆ ನೋಡು ಎಂದು ಮಕ್ಕಳ ಹಾಗೆ ಕುಣಿದಿದ್ದರು. ಅವರು ಹೋಗಿ ಏಳು ತಿಂಗಳಾದ ಮೇಲೆ ಪೆಟ್ಟಿಗೆ ತೆರೆದರೆ ಅದು ಹಾಗೇ ಇತ್ತು. ಅವರ ವಸ್ತು, ಬರಲಿ ಎಂದು ತಂದೆ.

ಇನ್ನೊಂದು ವಿಷಯ. ಅಪ್ಪನ ಹೆಸರನ್ನು ಟಿಕೆಟಿನಿಂದ ತೆಗೆಸು ಎಂದು ನೀನು ಎರಡು ಸಲ ಹೇಳಿದ್ದೆ. ತೆಗೆಸಿದೆ ಎಂದು ನಾನು ಹೇಳಿದ್ದು ಸುಳ್ಳು. ಆದ್ದರಿಂದ ಕೋಣೆಯಲ್ಲಿ ಎರಡು ದಿಂಬು, ಎರಡು ಲೋಟ, ಎರಡು ಜೊತೆ ಚಪ್ಪಲಿ. ಗುಂಡನೆಯ ಕಿಟಕಿಯ ಕೆಳಗೆ ಎರಡು ಕುರ್ಚಿ. ಮೊದಲ ಸಂಜೆ ಅವರ ಕುರ್ಚಿಯ ಮುಂದೆ ಲೋಟ ಇಟ್ಟು, ಬಾಟಲಿಯಿಂದ ಎರಡು ಬೆರಳಷ್ಟು ಬಗ್ಗಿಸಿದೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಪೆನ್ಸಿಲ್ ಹುಡುಕಿತು. ಉಳಿದ ರಮ್ಮಿನ ಮಟ್ಟಕ್ಕೆ ಲೇಬಲ್ಲಿನ ಮೇಲೆ ಒಂದು ಗೆರೆ ಎಳೆದೆ.

ಆ ಗೆರೆ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ನೀನು, ಅಪ್ಪನ ಬಾಟಲಿಗೆ ಯಾಕಮ್ಮ ಗೀಟು ಹಾಕುತ್ತೀ ಎಂದು ಕೇಳಿದ್ದೆ. ಎಷ್ಟು ಕುಡಿದರು ಎಂದು ತಿಳಿಯಲು ಎಂದು ನಾನು ಹೇಳಿದ್ದೆ. ಅದು ಪೂರ್ತಿ ನಿಜವಲ್ಲ ಪುಟ್ಟಿ. ದಿನವೂ ಅವರು ಅಂಗಡಿಯಲ್ಲಿ ಮರ ಕೊಯ್ಯುತ್ತಿರುವಾಗ ನಾನು ಬಾಟಲಿಯಿಂದ ಎರಡು ಬೆರಳಷ್ಟು ತೆಗೆದು, ಗೆರೆಯವರೆಗೆ ಚಹಾದ ನೀರು ತುಂಬಿಸುತ್ತಿದ್ದೆ. ಹಾಲಿಲ್ಲದೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು ಆರಿಸಬೇಕು. ಬಿಸಿಯಿದ್ದರೆ ಬಾಟಲಿಗೆ ಹಬೆ ಹಿಡಿದು ಗುಟ್ಟು ರಟ್ಟಾಗುತ್ತದೆ. ಹದಿನೆಂಟು ವರ್ಷ ಹೀಗೆ ಮಾಡಿದೆ. ಅವರು ಚಪ್ಪರಿಸಿ, ಈಗಿನ ಮಾಲಿನಲ್ಲಿ ದಮ್ಮಿಲ್ಲ ಎಂದು ಕಂಪನಿಯವರನ್ನು ಬೈಯುತ್ತಿದ್ದರು. ನಾನು ಸೆರಗಿನಲ್ಲಿ ನಗುತ್ತಿದ್ದೆ.

ಇಲ್ಲಿ ಎರಡನೆಯ ಸಂಜೆ ಮತ್ತೆ ಎರಡು ಬೆರಳು ಬಗ್ಗಿಸಿದೆ. ಮರುದಿನ ಬೆಳಗ್ಗೆ ನೋಡಿದರೆ ಬಾಟಲಿ ಸರಿಯಾಗಿ ನನ್ನ ಗೆರೆಯವರೆಗೆ ತುಂಬಿತ್ತು.

ನನಗೇ ಅರಳುಮರಳು ಎಂದುಕೊಂಡೆ. ಆ ಸಂಜೆ ಬಗ್ಗಿಸಿದ ಮೇಲೆ ಬಾಟಲಿಯನ್ನು ಗೋಡೆಯಲ್ಲಿರುವ ಕಬ್ಬಿಣದ ಪುಟ್ಟ ಕಪಾಟಿನಲ್ಲಿಟ್ಟು, ನಿನ್ನ ಹುಟ್ಟಿದ ದಿನವನ್ನೇ ನಂಬರು ಮಾಡಿ ಬೀಗ ಹಾಕಿದೆ. ಬೆಳಗ್ಗೆ ತೆರೆದೆ. ಮತ್ತೆ ಗೆರೆಯವರೆಗೆ. ಬಣ್ಣ ಮಾತ್ರ ಒಂದು ಚೂರು ತಿಳಿಯಾಗಿತ್ತು. ಕಸದ ಬುಟ್ಟಿಯಲ್ಲಿ ಹಿಂಡಿ ಎಸೆದ ಎರಡು ಚಹಾ ಚೀಲಗಳಿದ್ದವು. ನಾನು ಕಾಫಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ನಿನಗೆ ಗೊತ್ತು.

ಕೋಣೆ ಗುಡಿಸಿ ಹಾಸಿಗೆ ಹಾಸಲು ಒಬ್ಬ ನಡುವಯಸ್ಸಿನವನು ಬರುತ್ತಾನೆ, ಮೂರು ಹೆಣ್ಣುಮಕ್ಕಳ ತಂದೆ, ಬಾಯಿತುಂಬ ಮಾತು. ಅವನ ಕೈವಾಡವೇ ಇರಬೇಕೆಂದು ನಾಲ್ಕನೆಯ ದಿನ ಅವನನ್ನು ತಡೆದು, ಚಹಾ ಕಾಯಿಸಿದ್ದು ಯಾರು ಎಂದು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ನಿಮ್ಮ ಯಜಮಾನ್ರೇ ಅಲ್ವೇನಮ್ಮ? ಕೆಟಲ್ ತೊಳೆಯೋಕೆ ಹೋದೆ, ನೀರು ಆರೋಕೆ ಇಟ್ಟಿದೀನಿ, ಚೆಲ್ಲಬೇಡಿ ಅಂದ್ರು."

ನೋಡಲು ಹೇಗಿದ್ದರು ಎಂದು ಕೇಳಿದೆ. ಬೆಳಕಿಗೆ ಬೆನ್ನು ಮಾಡಿ ಕೂತಿದ್ದರಿಂದ ಮುಖ ಸರಿಯಾಗಿ ಕಾಣಲಿಲ್ಲವಂತೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರಂತೆ. ಯಜಮಾನರು ಬಡಗಿಯೇ ಎಂದು ಅವನೇ ನನ್ನನ್ನು ಕೇಳಿದ. ಹೌದು ಎಂದು ಹೇಳಿ ಹಾಸಿಗೆಯ ಮೇಲೆ ಕೂತುಬಿಟ್ಟೆ.

ಪುಟ್ಟಿ, ಇನ್ನು ಮುಂದಿನದನ್ನು ನಿಧಾನವಾಗಿ ಓದು.

ಕುಡಿಯುವವರ ಮನೆಗೆ ಮಗುವನ್ನು ಕರೆತರುವುದಿಲ್ಲ ಎಂದು ನೀನು ಅಪ್ಪನಿಗೆ ಹೇಳಿದ್ದು ಸರಿಯಾಗೇ ಇತ್ತು. ಅದಾದ ಮೇಲೆ ಅವರು ನಿನಗಾಗಿ ತಾವೇ ಕುಡಿತ ಬಿಟ್ಟರು, ದೇಹ ತಾಳಲಿಲ್ಲ ಎಂದು ನಾನು ನಿನಗೂ ಡಾಕ್ಟರಿಗೂ ನೆಂಟರಿಗೂ ಹೇಳಿದೆ. ಆ ಮಾತನ್ನು ಕಟ್ಟಿಕೊಂಡು ನೀನು ಏಳು ತಿಂಗಳಿಂದ ಅಳುತ್ತಿದ್ದೀಯೆ. ಅವರು ಬಿಡಲಿಲ್ಲ. ಬಿಡಿಸಿದ್ದು ನಾನು. ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆ ನನ್ನ ತಲೆ ಕೆಡಿಸಿತ್ತು. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಒಂದೇ ಮಧ್ಯಾಹ್ನ ಖಾಲಿ ಮಾಡಿ, ಬರೀ ಚಹಾದ ನೀರು ತುಂಬಿಸಿಟ್ಟೆ. ಮನೆಯ ಹೊರಗೆ ಕುಡಿಯುವ ಅಭ್ಯಾಸ ಅವರಿಗಿರಲಿಲ್ಲ. ಎರಡನೆಯ ದಿನ ಕೈ ನಡುಗಿತು. ಮೂರನೆಯ ದಿನ ಉಳಿ ಹಿಡಿಯಲಾಗಲಿಲ್ಲ, ಇಲ್ಲದ ಇರುವೆಗಳನ್ನು ಕೊಡವಿಕೊಳ್ಳುತ್ತಿದ್ದರು. ನಾನು ಆಗಲೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇವತ್ತು ಚೆನ್ನಾಗಿದೆ ಕಣೇ" ಎಂದರು.

ಒಂದು ಹನಿ ಬಿಡದೆ ಕುಡಿದರು. ಒಂದು ಗಂಟೆಯೊಳಗೆ ಫಿಟ್ಸ್ ಬಂತು, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟು ವರ್ಷ ಕುಡಿದವರಿಗೆ ಒಮ್ಮೆಗೇ ನಿಲ್ಲಿಸಬಾರದಿತ್ತು, ದಿನಕ್ಕಿಷ್ಟು ಎಂದು ಇಳಿಸಬೇಕಿತ್ತು ಎಂದು ಡಾಕ್ಟರು ಹೇಳಿದರು. ನಾನು ತಲೆಯಾಡಿಸಿದೆ.

ಅವರಿಗೆ ಗೊತ್ತಿತ್ತೇ? ಹದಿನೆಂಟು ವರ್ಷವೂ ಗೊತ್ತಿತ್ತೇ? ಆ ದಿನ ಅವರು ನನ್ನನ್ನು ನೋಡಿದ್ದು ಹೇಗೆ ಎಂದು ಎಷ್ಟು ನೆನಪಿಸಿಕೊಂಡರೂ ಅರ್ಥವಾಗುವುದಿಲ್ಲ. ಅವರು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ ಪುಟ್ಟಿ. ಕೊನೆಯ ವರ್ಷ ಅವರ ಬಾಟಲಿಗಳಿಂದ ತೆಗೆದದ್ದನ್ನು ನಾನು ಚೆಲ್ಲಿರಲಿಲ್ಲ, ಚೆಲ್ಲಲು ಮನಸ್ಸು ಬಾರದೆ ಕೂಡಿಡುತ್ತ ಬಂದಿದ್ದೆ. ಮೊದಲು ಒಂದು ಮುಚ್ಚಳ ಕುಡಿದೆ. ಆಮೇಲೆ ಎರಡು ಬೆರಳು. ಹಡಗಿಗೆ ತಂದ ಬಾಟಲಿಯನ್ನು ಅವರು ತೊಳೆದಿಟ್ಟಿದ್ದು ನಿಜ, ತುಂಬಿಸಿದವಳು ನಾನು. ಅವರ ಲೋಟಕ್ಕೆ ಬಗ್ಗಿಸಿದೆ ಎಂದು ಬರೆದೆನಲ್ಲ, ಕುಡಿದವಳೂ ನಾನೇ.

ಈಗ ನಾನು ಯಾಕೆ ಹೆದರಿದೆ ಎಂದು ನಿನಗೆ ತಿಳಿಯುತ್ತದೆ. ಕೋಣೆಯವನು ಆ ಮಾತು ಹೇಳಿದ್ದು ನಾಲ್ಕನೆಯ ದಿನ. ನಾನು ಅವರಿಗೆ ಮಾಡಿದ್ದನ್ನೇ ಅವರು ನನಗೆ ಮಾಡುತ್ತಿದ್ದಾರೆ, ಇವತ್ತಿಗೆ ನನ್ನ ಕಥೆಯೂ ಮುಗಿಯಿತು ಎಂದುಕೊಂಡೆ. ಒಗೆದ ಸೀರೆ ಉಟ್ಟು, ನಿನ್ನ ಫೋಟೊ ತೊಡೆಯ ಮೇಲಿಟ್ಟುಕೊಂಡು, ಅವರ ಕುರ್ಚಿಗೆ ಎದುರಾಗಿ ಕೂತೆ. ಕೈ ಸ್ವಲ್ಪ ನಡುಗಿತು. ಸಂಜೆ ಎರಡು ಬೆರಳು ಬಗ್ಗಿಸಿಕೊಂಡು ಕುಡಿದೆ. ರಮ್ಮು ಇತ್ತು. ಹಿಂದಿನ ದಿನಕ್ಕಿಂತ ಒಂದು ಕೂದಲೆಳೆ ಸಪ್ಪೆ, ಅಷ್ಟೇ. ಐದನೆಯ ದಿನ ಇನ್ನೊಂದು ಕೂದಲೆಳೆ. ನಿನ್ನೆ ಮತ್ತೊಂದು.

ಇವತ್ತು ಬೆಳಗ್ಗೆ ಬಾಟಲಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯ ಲೇಬಲ್ಲಿನ ಮೇಲೆ, ಹಲಗೆಗೆ ಅಳತೆ ಹಾಕಿದ ಹಾಗೆ, ಸಮನಾದ ಪುಟ್ಟ ಗೆರೆಗಳ ಸಾಲು. ನನ್ನ ಗೆರೆ ಸಣ್ಣದು. ಇವು ಚಪ್ಪಟೆ ಪೆನ್ಸಿಲ್ಲಿನ ದಪ್ಪ ಗೆರೆಗಳು. ಮೊದಲ ಏಳಕ್ಕೆ ಅಡ್ಡಗೀಟು ಬಿದ್ದಿದೆ, ಉಳಿದವು ಕಾದಿವೆ. ನಾನು ಅವರಿಗೆ ನಾಲ್ಕೇ ದಿನ ಕೊಟ್ಟೆ. ಅವರು ಲೆಕ್ಕ ಹಾಕಿ, ದಿನಕ್ಕಿಷ್ಟು ಎಂದು ಇಳಿಸುತ್ತಿದ್ದಾರೆ. ಬಾಟಲಿಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಅತ್ತೆ. ಹೆದರಿಕೆ ಹೋಗಿದೆ ಎಂದು ಹೇಳಲಾರೆ. ಎದುರಿನ ಕುರ್ಚಿಯ ದಿಂಬು ಯಾರೋ ಕೂತ ಹಾಗೆ ತಗ್ಗಿದೆ, ನಾನು ಅತ್ತ ನೋಡದೆ ಬರೆಯುತ್ತಿದ್ದೇನೆ.

ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ. ನಿನ್ನ ಮೇಲೆ ಮಾತ್ರ ಮಾಡಿಕೊಳ್ಳಬೇಡ. ಅಪ್ಪ ಹೋದದ್ದು ನಿನ್ನ ಮಾತಿನಿಂದಲ್ಲ.

ನಿನ್ನ,
ಅಮ್ಮ

ಮರೆತಿದ್ದೆ: ಗೆರೆಗಳನ್ನು ಈಗ ಎಣಿಸಿದೆ. ಇಪ್ಪತ್ತೊಂದಿವೆ. ಈ ಪ್ರಯಾಣ ಹನ್ನೆರಡೇ ದಿನದ್ದು. ಉಳಿದ ಒಂಬತ್ತು ದಿನ ಮನೆಯಲ್ಲೇ ಆಗಬೇಕು. ಹೊಲಿಗೆ ಯಂತ್ರದ ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೂ ಮೂರು ಬಾಟಲಿ ಇವೆ, ಕೋಪದಲ್ಲಿ ಅವನ್ನು ಚೆಲ್ಲಿಬಿಡಬೇಡ. ಅಲ್ಲಿಯವರೆಗೆ ಮಗುವನ್ನು ಕರೆತರಬೇಡ, ನಿನ್ನ ನಿಯಮ ನನಗೂ ಒಂದೇ. ನೀನೊಬ್ಬಳೇ ಬಂದು ನೋಡಿಕೊಂಡು ಹೋಗು. ನಾನು ಹೊರಗೆ ಹೋಗಿದ್ದು, ಒಲೆಯ ಪಕ್ಕದಲ್ಲಿ ಮುಚ್ಚಿಟ್ಟ ನೀರು ಆರುತ್ತಿದ್ದರೆ, ಅದನ್ನು ಮುಟ್ಟಬೇಡ.