ಕೊರ್ಲಿಮ್ ಅಂಗಳದ ಎರಡು ಡಿಗ್ರಿ

ಏಪ್ರಿಲ್ 30, ಬುಧವಾರ

ಗೋದಾಮಿನ ಮಾಲೀಕ ಮಾತು ಕೊಟ್ಟದ್ದು: ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಹಮಾಲರಿಗೆ ಬಿಡುವು. ನೆರಳು. ಕುಡಿಯುವ ನೀರು. ಕೊಟ್ಟದ್ದು: ಒಂದು ಹರವಿ ನೀರು. ಇಲ್ಲವೆಂದದ್ದು: ಬಿಡುವು, ನೆರಳು... ಈಗ ಬಿಸಿಲೂ ಏರಿಲ್ಲವಂತೆ!

ಕೊರ್ಲಿಮ್ ಗೋದಾಮಿನಲ್ಲಿ ನಮ್ಮ ಕಾರ್ಮಿಕ ಸಂಘದ ಥರ್ಮಾಮೀಟರಿಗೆ ಇದು ಹನ್ನೊಂದನೇ ಬೇಸಿಗೆ, ಲಾಕ್‌ಡೌನ್ ವರ್ಷ ಬಿಟ್ಟು. ದಿನಾ ಮಧ್ಯಾಹ್ನ ಎರಡಕ್ಕೆ ಹಮಾಲಿ ಭಾಗವ್ವ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ತಿಂಗಳ ಕೊನೆಗೆ ನಾನು ಸರಾಸರಿ ತೆಗೆಯುತ್ತೇನೆ. ಈ ಸಲ ಹೋದ ಬೇಸಿಗೆಗಿಂತ ಎರಡು ಡಿಗ್ರಿ ಕಡಿಮೆ!

ಗುತ್ತಿಗೆದಾರ ಸಂಗಣ್ಣ ಹಲ್ಲು ಕಿರಿದ. "ನಿಮ್ಮ ಪುಸ್ತಕನ ನಮಗ ಸಾಕ್ಷಿ ಆತಲ್ರಿ ಜಯಕ್ಕಾರ! ಅಲ್ರಿ, ಒಂದ ಅಂಗಳದ ಗಾಜಿನ ಕೊಳವಿ ನೋಡಿ ನಾಡಿನ ಬಿಸಿಲ ಅಳೀತೀರೇನು?"

ನಮ್ಮ ಹಾಗೇ ವಿಜಯಪುರ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವನೇ. ನಾಲಿಗೆ ಮಾತ್ರ ಮಾಲೀಕನದು.

ಮೇ 4, ಭಾನುವಾರ

ಹೋಗಿ ನೋಡಿದೆ. ಗೋಡಂಬಿ ಮರದ ನೆರಳಲ್ಲಿ ಇರಬೇಕಾದ ಥರ್ಮಾಮೀಟರು ನೀರಿನ ಹರವಿಯ ಮೇಲೆ, ಒದ್ದೆ ಗೋಣಿಚೀಲದ ಪಕ್ಕ, ತಂಪಿನಲ್ಲಿ!

"ನಾನ ಇಲ್ಲಿ ತಂದಿಟ್ಟೇನವ್ವಾ ಯುಗಾದಿಗೆ," ಅಂದಳು ಭಾಗವ್ವ. "ಮರದ ತನಕ ಅಂಗಳ ದಾಟಾಕ ಕಾಲ ಸುಡ್ತಾವು."

ಅವಳ ಮಗ ಮಾಂತೇಶ: "ಎರಡು ಡಿಗ್ರಿ ಕೂಡಿಸಿ ಬರೀರಿ. ಯಾರಿಗೆ ತಿಳಿತೈತಿ?"

"ಬಾಯಿ ಮುಚ್ಚಲೇ," ಗದರಿದಳು ಭಾಗವ್ವ. "ತಪ್ಪು ನಂದು, ನಾನ ಹೇಳ್ತೇನಿ."

ಮೇ 7, ಸಂಜೆ

ಬಿಡುವಿನ ವಿಚಾರಣೆಯಲ್ಲಿ ಕಾರ್ಮಿಕ ಅಧಿಕಾರಿಯ ಎದುರು ಭಾಗವ್ವ ನಿಂತೇ ತನ್ನ ತಪ್ಪು ಹೇಳಿದಳು. ಬರಿಗಾಲನ್ನೂ ತೋರಿಸಿದಳು — ಅಂಗಾಲು ಪೂರಾ ಬೊಬ್ಬೆ. ಸಂಗಣ್ಣ ನಕ್ಕ. ಒಬ್ಬನೇ ನಕ್ಕ.

ಈ ವರ್ಷದ ಅಂಕಿಗಳನ್ನು ಅಲ್ಲೇ ಹೊಡೆದುಹಾಕಿದೆ. ಉಳಿದ ಹತ್ತು ಬೇಸಿಗೆ ಮುಂದಿಟ್ಟೆ. ಜೊತೆಗೆ ಸಂಘದ ಇನ್ನೆರಡು ಥರ್ಮಾಮೀಟರುಗಳ ಲೆಕ್ಕ: ಸಾಂಖಳಿಯಲ್ಲಿ ಗೋಡೆ ಕಟ್ಟುವ ಗೌಂಡಿ ಮಲಕಪ್ಪನ ಪುಸ್ತಕ. ಕಾಣಕೋಣದ ಬೀಚಿನಲ್ಲಿ ಮಣಿಸರ ಮಾರುವ ಕಾಳಿಬಾಯಿಯ ಪುಸ್ತಕ. ಒಂದು ಥರ್ಮಾಮೀಟರು ತನ್ನ ಅಂಗಳದ್ದಷ್ಟೇ ಹೇಳುತ್ತದೆ, ಒಪ್ಪಿದೆ. ಕಡಲ ದಂಡೆಯ ಅಂಕಿ ಬೇರೆ, ಸಾಂಖಳಿಯದು ಬೇರೆ. ವರ್ಷದಿಂದ ವರ್ಷಕ್ಕೆ ಏರಿಕೆ ಮಾತ್ರ ಮೂರರಲ್ಲೂ. ಮೂರು ಅಂಗಳ ಸೇರಿ ಸುಳ್ಳು ಹೇಳುತ್ತವೆಯೇ?

ಅಧಿಕಾರಿ ಹವಾಮಾನ ಇಲಾಖೆಯ ಪಟ್ಟಿ ತರಿಸಿ ಪಕ್ಕಕ್ಕಿಟ್ಟರು. ಅದೂ ಏರುತ್ತಿತ್ತು. ಕೊಂಕಣಿಯಲ್ಲಿ ಅಂದರು — ತಮ್ಮ ಅಂಕಿಯನ್ನು ತಾವೇ ಹೊಡೆದುಹಾಕುವವರು ಉಳಿದದ್ದನ್ನು ಸುಳ್ಳು ಬರೆಯಲಾರರು.

ಎದೆ ಉಬ್ಬಿತು. ಮುಚ್ಚಿಡುವುದೇಕೆ?

ಮೇ 9, ಶುಕ್ರವಾರ

ಆದೇಶ ಬಂತು. ನಾಳೆಯಿಂದ ಕೊರ್ಲಿಮ್‌ನಲ್ಲಿ ಮಧ್ಯಾಹ್ನ ಮೂರು ತಾಸು ಬಿಡುವು! ಭಾಗವ್ವ ಥರ್ಮಾಮೀಟರನ್ನು ತಾನೇ ಮರಕ್ಕೆ ಕಟ್ಟಿದಳು. "ಇನ್ನ ಯಾರರ ಮುಟ್ರಿ, ನೋಡ್ತೇನಿ!"

ಸಾಂಖಳಿಗೆ ಇನ್ನೂ ಇಲ್ಲ. ಕಾಣಕೋಣಕ್ಕೂ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾಂಖಳಿ ಬಸ್ ಸ್ಟ್ಯಾಂಡಿನಲ್ಲಿ ಸಭೆ. ಮೊದಲು ಮಾತಾಡುವವಳು ಭಾಗವ್ವ, ಆಮೇಲೆ ಮಲಕಪ್ಪ, ಕಾಳಿಬಾಯಿ.