ತೊಳುವಿಗೆ ಹೋದ ಹಾಲು

ಹನುಮಂತನಪಟ್ಟಿ,
೩ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಅಜಿತಣ್ಣಾ,

ನನ್ನನ್ನು ಯುದ್ಧಕ್ಕೆ ಇಳಿಸಿ ನೀನು ಕದ್ದು ಎದುರು ಪಾಳೆಯಕ್ಕೆ ಹೋದೆ. ಇದನ್ನು ಮೊದಲೇ ಬರೆಯದಿದ್ದರೆ ಉಳಿದದ್ದು ಬರೆಯಲಾರೆ. ಈಗ ಹೇಳು, ನಿನ್ನ ಕೆಮ್ಮು ಹೇಗಿದೆ? ಬೀಗದ ಕಾರ್ಖಾನೆಯ ದೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ನಿನ್ನ ಕೋಣೆಯ ತಮಿಳರು ಓದಬಾರದೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ತಮಿಳೇ ಓದಿದ ನಾವಿಬ್ಬರೂ, ಯೇಸುವಿನ ಕರಪತ್ರ ಓದಲೆಂದೇ ಸೇರಿ ಕಲಿತ ಅಕ್ಷರಗಳು ಇವು.

ಆ ಕರಪತ್ರಗಳನ್ನು ತಂದುಕೊಟ್ಟವನು ನೀನು. ನಂಬಿಕೆಯೇ ಗುರಾಣಿ, ಸತ್ಯವೇ ನಡುಕಟ್ಟು ಎಂದು ಬಾಯಿಪಾಠ ಮಾಡಿಸಿದೆ. ಹನ್ನೆರಡನೇ ತರಗತಿ ಮುಗಿಸಿ ಗೊತ್ತುಗುರಿಯಿಲ್ಲದೆ ಕೂತಿದ್ದವಳಿಗೆ, ಯೇಸುವಿನ ಯೋಧೆ ನೀನು ಅಂದೆ. ಮಾರ್ಗಳಿ ತಿಂಗಳಲ್ಲಿ ನಮ್ಮ ಹಸು ಕರು ಹಾಕಿತು. ಮೊದಲ ಹಾಲು ಪಕ್ಕದೂರಿನಲ್ಲಿ ನಮ್ಮ ಕುಲದೇವರ ದನದ ಮಂದೆಯನ್ನು ಕಟ್ಟುವ ತೊಳುವಿಗೆ ಹೋಗದೆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ನಿನಗೇ ಗೊತ್ತು. ಒಂದು ತೊಟ್ಟೂ ಹೋಗಬಾರದು, ಅಲ್ಲೇ ಗೆಲ್ಲಬೇಕು ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಅಜ್ಜಿಯ ಕಣ್ಣೆದುರೇ ಆ ಹಾಲಿನ ಚೊಂಬನ್ನು ತೆಂಗಿನ ಬುಡಕ್ಕೆ ಸುರಿದೆ. ಮೂರು ದಿನ ಅವಳು ಉಣ್ಣಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ನಿನ್ನೆ ಕಣ್ಣಮ್ಮಾಳ್ ಅತ್ತೆ ಫೋನಿನಲ್ಲಿ ಪೊಂಗಲ್ ವೀಡಿಯೋ ತೋರಿಸಿದಳು. ಪೊಂಗಲಿಗೆ ರಜೆ ಸಿಗಲಿಲ್ಲ ಎಂದವನು ತೊಳುವಿನ ಬಾಗಿಲಲ್ಲಿ ಅಂಗಿ ಬಿಚ್ಚಿ, ತಲೆಯ ಮೇಲೆ ನಮ್ಮದೇ ಹಸುವಿನ ಹಾಲಿನ ಚೊಂಬು ಹೊತ್ತು ನಿಂತಿದ್ದೀಯ. ತಂಗಿ ಎಲ್ಲಿ ಎಂದು ಮಾಮ ಕೇಳುತ್ತಾನೆ. ನೀನು ನಗುತ್ತೀಯ: “ಅವ್ಳು ಚಿಕ್ಕಪುಳ್ಳೆ ಮಾಮಾ, ನೋಟೀಸು ಓದಿ ಕೆಟ್ಟೋಗವ್ಳೆ. ನಾ ಸರಿ ಮಾಡ್ತೀನಿ, ಬುಡಿ.” ಆ ನಗುವನ್ನು ನಾಲ್ಕು ಸಲ ಕೇಳಿದೆ. ಚೊಂಬು ಹೊತ್ತದ್ದನ್ನಾದರೂ ಕ್ಷಮಿಸಬಹುದು ಅಣ್ಣಾ.

ಆಮೇಲೆ ಕರಪತ್ರಗಳನ್ನೆಲ್ಲ ಸುಡಬೇಕೆಂದು ತೆಗೆದೆ. ಮೊದಲನೆಯದರ ಎರಡನೇ ಪುಟದಲ್ಲೇ ಇತ್ತು: ಈ ಹೋರಾಟ ಮನುಷ್ಯರ ಮೇಲಲ್ಲ. ಕತ್ತಿ ಗುರಾಣಿಯ ಪುಟಗಳನ್ನು ಓದುವ ಆತುರದಲ್ಲಿ ಇಬ್ಬರೂ ಅದನ್ನು ದಾಟಿಬಿಟ್ಟಿದ್ದೆವು. ನಮ್ಮ ನಾಗಮ್ಮಾಳ್ ಅಜ್ಜಿಯನ್ನು ಶತ್ರು ಎಂದು ಎಣಿಸಿದ್ದೆನಲ್ಲ! ಮೇಲೆ ‘ಎದುರು ಪಾಳೆಯ’ ಎಂದು ಬರೆದದ್ದೂ ತಪ್ಪೇ, ಹೊಡೆದುಹಾಕಿಕೋ. ನನ್ನ ಯುದ್ಧ ಸುಳ್ಳಿನ ಜೊತೆ. ಅದನ್ನು ಬಿಡುವುದಿಲ್ಲ. ಕೂಡಲೇ ಅಜ್ಜಿಯ ಹತ್ತಿರ ಹೋಗಿ, ಹಾಲು ಚೆಲ್ಲಿದ್ದಕ್ಕೆ ತಪ್ಪಾಯಿತು, ಯೇಸುವನ್ನು ನಂಬಿದ್ದಕ್ಕಲ್ಲ ಅಂದೆ. ಅವಳು ಹುಣಸೆ ಬಿಡಿಸುತ್ತಲೇ ಹೇಳಿದಳು: “ನೀ ನನ್ ಎದ್ರುಗೇ ಚೆಲ್ದೆ, ನನ್ ಕಣ್ಣೇ. ಅವ್ನು ನಿನ್ಗೆ ಮರೆಮಾಡಿ ಹೊತ್ತ. ನಾ ಯಾರ್ ಮೇಲೆ ಕೋಪ ಮಾಡ್ಲಿ?”

ಹೊತ್ತಿಗೆ ಸರಿಯಾಗಿ ಊಟ ಮಾಡು. ಕರ್ತನು ನಿನ್ನ ಎದೆಯನ್ನು ಕಾಯಲಿ, ಕೆಮ್ಮಿನಿಂದಲೂ ಸುಳ್ಳಿನಿಂದಲೂ.

ನಿನ್ನ ತಂಗಿ,
ಯುವಶ್ರೀ

ಬರೆಯಲು ಮರೆತೆ: ನನಗೆ ದೀಕ್ಷಾಸ್ನಾನ ನಿಗದಿಯಾಗಿದೆ. ಎಡಗೈ ಹಿಡಿದು ನೀರಿಗೆ ಇಳಿಸುತ್ತೇನೆಂದು ನೀನು ಮಾತು ಕೊಟ್ಟಿದ್ದೆ. ಅಜ್ಜಿಗೂ ಹೇಳಿದೆ. “ನಾ ನೀರ್ಗೆ ಇಳಿಯಲ್ಲ ತಾಯಿ. ತಲೆ ಒರ್ಸೋ ತುಂಡು ಹಿಡ್ಕಂಡು ದಡದಾಗೆ ನಿಂತಿರ್ತೀನಿ, ಚಳಿ ಅಲ್ವಾ” ಅಂದಳು. ನಂಬಿಕೆ ಇಲ್ಲದಿದ್ದರೆ ನೀನೂ ಅವಳ ಪಕ್ಕದಲ್ಲಿ ನಿಲ್ಲು. ಆದರೆ ಅದನ್ನು ನನ್ನ ಮುಖ ನೋಡಿ ಹೇಳು. ಮುಲ್ಲೈ ಹೊಳೆಯ ಮೆಟ್ಟಿಲು, ಫೆಬ್ರವರಿ ಒಂಬತ್ತು, ಭಾನುವಾರ ಬೆಳಗ್ಗೆ ಆರೂವರೆ.