ಪೆತೆನೆರಾ: ಹೆಸರೆತ್ತಬಾರದ ಹಾಡು

ಹೆರೆಸ್, ಸ್ಪೇನ್, 1961

ಪ್ರೊಫೆಸರ್ ಆರಾಂಬುರು ಅವರಿಗೆ,

ಆ ಹಾಡಿಗೆ ಆ ಹೆಸರು ಎಲ್ಲಿಂದ ಬಂತೆಂದು ಕೇಳಿದ್ದಿರಿ. ಪಾತೆರ್ನಾ ಊರಿನ ಹಾಡುಗಾರ್ತಿಯೊಬ್ಬಳಿಂದ ಬಂತೆನ್ನುತ್ತಾರೆ. ಊರಿನ ಹೆಸರು ಅವಳಿಗಂಟಿತು, ಬಾಯಿಂದ ಬಾಯಿಗೆ ಸವೆದು ಹಾಡಿಗೂ ಅಂಟಿತು. ಅವಳನ್ನು ಹಚ್ಚಿಕೊಂಡವರೆಲ್ಲ ಹಾಳಾದರಂತೆ. ನಾವು ಜಿಪ್ಸಿಗಳು ಆ ಹೆಸರೆತ್ತುವುದಿಲ್ಲ.

ನೀವು ಅಷ್ಟು ಬಲವಂತ ಮಾಡಿದ್ದಕ್ಕೆ ಅಪ್ಪ ನಿಮ್ಮ ಟೇಪಿಗೆ ಅದನ್ನು ಹಾಡಿದ. "ಕೇಡು ತಟ್ಟದ ಹಾಗೆ ಮರ ಮುಟ್ಕೊಂಡೇ ಹಾಡ್ತೀನಿ ಬಿಡೇ, ಏನಾಗುತ್ತೆ?" ಎಂದು ನಕ್ಕಿದ್ದ. ಮಾರನೆಯ ದಿನದಿಂದ ಅವನಿಗೆ ದನಿಯೇ ಇಲ್ಲ.

ದಯವಿಟ್ಟು ಟೇಪನ್ನು ಅಳಿಸಿಬಿಡಿ. ಉತ್ತರದಲ್ಲಿ ಮಾತ್ರ ಆ ಹೆಸರು ಬರೆಯಬೇಡಿ. ನನಗೆ ಓದುಬರಹ ಬಾರದು. ಇದನ್ನು ಬರೆದುಕೊಡುತ್ತಿರುವ ತಂಗಿಯೇ ನಿಮ್ಮ ಕಾಗದವನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ಅವಳೀಗ ಎಂಟು ತಿಂಗಳ ಬಸುರಿ.

ನಿಮ್ಮನ್ನೇ ನಂಬಿಕೊಂಡಿರುವ,
ಎನ್‌ಕಾರ್ನಾ